ಮಹಾಪ್ರಬಂಧಗಳ ಹೊಣೆ ಯಾರದು?

ನಮ್ಮ ವಿಶ್ವವಿದ್ಯಾಲಯಗಳು ಅಂಗೀಕರಿಸಿ ಪಿಎಚ್.ಡಿ. ಪದವಿಯನ್ನಿತ್ತಿರುವ ಮಹಾಪ್ರಬಂಧಗಳು ಓದಬೇಕೆನ್ನುವವನ ಕೈಗೆ ಸುಲಭವಾಗಿ ಸಿಗುತ್ತಿಲ್ಲವಲ್ಲ ಎಂದು ಯಾರಾದರೂ ಆಕ್ಷೇಪವೆತ್ತಿದರೆ, ಕುಲಪತಿಗಳಿಂದ ಮೊದಲುಗೊಂಡು ಗ್ರಂಥಾಲಯದ ಸಹಾಯಕರವರೆಗೆ ಎಲ್ಲರ ಬಳಿಯೂ ಸಿದ್ಧವಾಗಿರುವ ಉತ್ತರ ಒಂದೇ: "ಅದಕ್ಕೇನು, ಶೋಧಗಂಗಾಕ್ಕೆ ಹಾಕಿದ್ದೇವಲ್ಲ!" ಈ ಉತ್ತರದ ಹಿಂದೆ ಒಂದು ಸಿದ್ಧಾಂತವೇ ಅಡಗಿದೆ. ರಾಷ್ಟ್ರಕ್ಕೆ ಒಂದು ಕೇಂದ್ರಭಂಡಾರವಿರತಕ್ಕದ್ದು. ಎಲ್ಲ ವಿಶ್ವವಿದ್ಯಾಲಯಗಳೂ ತಂತಮ್ಮ ಪ್ರಬಂಧಗಳ ವಿದ್ಯುನ್ಮಾನ ಪ್ರತಿಗಳನ್ನು ನಿಯಮಕ್ಕೆ ಕಟ್ಟುಬಿದ್ದು ಅಲ್ಲಿಗೆ ಒಪ್ಪಿಸತಕ್ಕದ್ದು. ಒಪ್ಪಿಸಿದ ಆ ಕ್ಷಣದಿಂದ ಪ್ರಬಂಧವು ಲೋಕಕ್ಕೆಲ್ಲ ಲಭ್ಯವಾಯಿತೆಂದೂ, ಕಾಲದ ಹಾವಳಿಯಿಂದ ಪಾರಾಯಿತೆಂದೂ, ಹತ್ತು ಜನರ ಕಣ್ಣಿಗೆ ಬಿದ್ದುದರಿಂದ ಕೃತಿಚೌರ್ಯದ ಕಳಂಕ ಕಳೆಯಿತೆಂದೂ ತಿಳಿಯತಕ್ಕದ್ದು. ಇದು ಆ ಸಿದ್ಧಾಂತದ ಸಾರ. ಈ ಅಭಿಪ್ರಾಯ ವಿದ್ವದ್ವಲಯದಲ್ಲಿ ಎಷ್ಟು ದೃಢವಾಗಿ ಬೇರುಬಿಟ್ಟಿದೆಯೆಂದರೆ, ಅದನ್ನು ಶಂಕಿಸುವವನು ಮುಕ್ತಜ್ಞಾನದ ವೈರಿಯೆಂದೋ ಹಳೆಯ ಕಾಲದ ಕಪಾಟಿನ ಪಕ್ಷಪಾತಿಯೆಂದೋ ಹೆಸರು ಪಡೆಯುವ ಸಂಭವವುಂಟು. ಆ ಅಪವಾದವನ್ನು ಹೊತ್ತಾದರೂ ಹೇಳಬೇಕಾದ ಮಾತು ಇದು: ಮಹಾಪ್ರಬಂಧದ ಮೊದಲ ಹೊಣೆ ಅದಕ್ಕೆ ಪದವಿಯನ್ನಿತ್ತ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸೇರಿದುದು, ಕೇಂದ್ರಕ್ಕೆ ಸಲ್ಲುವ ಕಾರ್ಯ ಸೂಚಿ, ಸಾಧನ, ಶಿಕ್ಷಣ ಇವುಗಳನ್ನು ಒದಗಿಸುವುದು. ಈ ಎರಡರ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡಿರುವುದರಿಂದ ನಮಗೆ ಸಂಗ್ರಹ ದೊರೆತಿದೆ, ಸೇವೆ ದೊರೆತಿಲ್ಲ.

ಖಂಡನೆಗೆ ಮೊದಲು ಪೂರ್ವಪಕ್ಷಕ್ಕೆ ನ್ಯಾಯವನ್ನು ಸಲ್ಲಿಸುವುದು ಉಚಿತ. ಕೇಂದ್ರಭಂಡಾರವಿಲ್ಲದಿದ್ದ ಕಾಲ ಸುವರ್ಣಯುಗವಾಗಿರಲಿಲ್ಲ. ಧಾರವಾಡದಲ್ಲಿ ಅಂಗೀಕೃತವಾದ ಒಂದು ಪ್ರಬಂಧವನ್ನು ನೋಡಬೇಕಾದ ಮೈಸೂರಿನ ವಿದ್ಯಾರ್ಥಿ, ಅದು ಇದೆಯೆಂಬುದನ್ನು ಅಂತರ್ವಿಶ್ವವಿದ್ಯಾಲಯ ಮಂಡಲಿಯೂ ಅದರ ಉತ್ತರಾಧಿಕಾರಿಯಾದ ಭಾರತೀಯ ವಿಶ್ವವಿದ್ಯಾಲಯಗಳ ಸಂಘವೂ ಅಚ್ಚುಮಾಡಿಸಿದ ಗ್ರಂಥಸೂಚಿಗಳಿಂದ ತಿಳಿದುಕೊಂಡು, ಮಾರ್ಗದರ್ಶಕರಿಂದ ಪರಿಚಯಪತ್ರವನ್ನು ಬರೆಯಿಸಿಕೊಂಡು, ರೈಲು ಹತ್ತಿ ಹೋಗಿ, ಅಲ್ಲಿಯ ಗ್ರಂಥಪಾಲಕರ ಮರ್ಜಿಯನ್ನು ಹಿಡಿದು, ಕೊಠಡಿಯಿಂದ ಹೊರಕ್ಕೆ ಒಯ್ಯಕೂಡದೆಂಬ ಕರಾರಿನ ಮೇಲೆ ದಿನಗಟ್ಟಲೆ ಕುಳಿತು ಕೈಬರಹದಲ್ಲಿ ಟಿಪ್ಪಣಿ ತೆಗೆದುಕೊಳ್ಳಬೇಕಾಗಿತ್ತು. ಎಷ್ಟೋ ವೇಳೆ ಹುಡುಕಿದ ಪ್ರತಿ ಪರೀಕ್ಷಕರ ಮನೆಯಲ್ಲಿ ಉಳಿದುಹೋಗಿರುತ್ತಿತ್ತು, ಇಲ್ಲವೆ ಗೆದ್ದಲಿಗೆ ಆಹಾರವಾಗಿರುತ್ತಿತ್ತು. ಈ ದುಃಸ್ಥಿತಿಯನ್ನು ಅಳಿಸಿದ ಕೀರ್ತಿ ವಿಶ್ವವಿದ್ಯಾಲಯ ಧನಸಹಾಯ ಆಯೋಗಕ್ಕೂ, 1991ರಲ್ಲಿ ಅದರ ಯೋಜನೆಯಾಗಿ ಆರಂಭವಾಗಿ 1996ರಲ್ಲಿ ಸ್ವಾಯತ್ತವಾದ ಇನ್‌ಫ್ಲಿಬ್‌ನೆಟ್ ಕೇಂದ್ರಕ್ಕೂ ಸಲ್ಲಬೇಕು. 2009ರ ಪಿಎಚ್.ಡಿ. ನಿಯಮಾವಳಿಯು, ಪದವಿ ಘೋಷಣೆಯಾದ ಮೂವತ್ತು ದಿನಗಳೊಳಗೆ ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕೆಂದು ವಿಧಿಸಿತು; 2016ರ ನಿಯಮಾವಳಿಯು ಪದವಿ ಪ್ರದಾನಕ್ಕೆ ಮುಂಚೆಯೇ ಅದು ನಡೆದಿರಬೇಕೆಂದು ಬಿಗಿಮಾಡಿತು. ಇಂದು ಗಾಂಧಿನಗರದ ಆ ಕೇಂದ್ರ ನಡೆಸುವ ಶೋಧಗಂಗಾ ಭಂಡಾರದಲ್ಲಿರುವ ಪ್ರಬಂಧಗಳ ಸಂಖ್ಯೆ ಐದು ಲಕ್ಷವನ್ನು ದಾಟಿದೆ. ಇದು ಸಣ್ಣ ಸಾಧನೆಯಲ್ಲ. ನನ್ನ ತಕರಾರು ಆ ಸಂಖ್ಯೆಯ ಮೇಲಲ್ಲ. ಆ ಸಂಖ್ಯೆಯನ್ನು ತೋರಿಸಿ ಕರ್ತವ್ಯ ಮುಗಿಯಿತೆನ್ನುವ ಮನೋವೃತ್ತಿಯ ಮೇಲೆ.

ಸಂಗ್ರಹಿಸಿದುದೆಲ್ಲ ಲಭ್ಯವಾದುದೇ ಎಂಬ ನಂಬಿಕೆ ಈ ಪಕ್ಷದ ಮೊದಲನೆಯ ದೋಷ. ಲಭ್ಯವಾಗುವುದೆಂದರೆ ಹುಡುಕಿದವನಿಗೆ ಸಿಗುವುದು, ಸಿಕ್ಕಿದುದು ತೆರೆಯುವುದು, ತೆರೆದುದು ಓದಿಗೂ ಉಲ್ಲೇಖಕ್ಕೂ ಒದಗುವುದು. ಗ್ರಂಥಾಲಯಶಾಸ್ತ್ರಕ್ಕೆ ಐದು ಸೂತ್ರಗಳನ್ನು 1931ರಲ್ಲಿ ರಚಿಸಿಕೊಟ್ಟು, ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ ಶಿಯಾಳಿ ರಾಮಾಮೃತ ರಂಗನಾಥನ್ ಅವರು ಓದುಗನ ವೇಳೆಯನ್ನು ಉಳಿಸುವುದನ್ನು ಆ ಸೂತ್ರಗಳಲ್ಲೊಂದಾಗಿ ಎಣಿಸಿದ್ದರು. ಆ ಸೂತ್ರವನ್ನು ಕೈಯಲ್ಲಿ ಹಿಡಿದು ಒಂದು ಕನ್ನಡ ಪ್ರಬಂಧವನ್ನು ಹುಡುಕಿ ನೋಡೋಣ. ವಚನಸಾಹಿತ್ಯವನ್ನು ಕುರಿತದ್ದೆನ್ನಿ. ಎಷ್ಟೋ ಕನ್ನಡ ಪ್ರಬಂಧಗಳ ಶೀರ್ಷಿಕೆ ಅಲ್ಲಿ ದಾಖಲಾಗಿರುವುದು ರೋಮನ್ ಲಿಪಿಯಲ್ಲಿ. ಅದೂ ದಾಖಲು ಮಾಡಿದವರ ಮನಸ್ಸಿಗೆ ಬಂದ ಕಾಗುಣಿತದಲ್ಲಿ. "ವಚನ"ದ ಚಕಾರಕ್ಕೆ ಒಬ್ಬರು 'ಸಿ' ಒಂದನ್ನೇ ಬರೆದಿದ್ದರೆ ಇನ್ನೊಬ್ಬರು ಅದರ ಮಗ್ಗುಲಿಗೆ 'ಎಚ್' ಇಟ್ಟಿರುತ್ತಾರೆ. "ಸಾಹಿತ್ಯ"ದ ತಕಾರಕ್ಕೆ ದೇಶದ ಇತರ ಭಾಗದವರು 'ಟಿ' ಸಾಕೆಂದರೆ ನಮ್ಮವರು ಅಭ್ಯಾಸಬಲದಿಂದ 'ಟಿಎಚ್' ಎನ್ನುತ್ತಾರೆ. ಒಂದೇ ವಿಷಯದ ಪ್ರಬಂಧಗಳನ್ನೆಲ್ಲ ಒಟ್ಟಿಗೆ ಕಾಣಬೇಕೆನ್ನುವ ವಿದ್ಯಾರ್ಥಿ ಈ ಕಾಗುಣಿತಗಳನ್ನೆಲ್ಲ ಊಹಿಸಿ ಒಂದೊಂದಾಗಿ ಪ್ರಯೋಗಿಸಬೇಕು. ಊಹೆಗೆ ನಿಲುಕದ್ದು ಇದ್ದೂ ಇಲ್ಲದಂತೆಯೇ.

ಪುಣ್ಯವಶಾತ್ ಪ್ರಬಂಧ ಸಿಕ್ಕಿತೆನ್ನೋಣ. ಅದು ಇಡಿಯಾದ ಗ್ರಂಥವಾಗಿ ಎದುರಿಗೆ ಬರುವುದಿಲ್ಲ. ಮುಖಪುಟವೊಂದು ಕಡತ, ಪ್ರಮಾಣಪತ್ರವೊಂದು ಕಡತ, ಕೃತಜ್ಞತೆ, ಪರಿವಿಡಿ, ಬಳಿಕ ಅಧ್ಯಾಯಕ್ಕೊಂದೊಂದು, ಕಡೆಗೆ ಗ್ರಂಥಋಣ, ಹೀಗೆ ಹತ್ತು ಹದಿನೈದು ತುಂಡುಗಳಾಗಿ ಬರುತ್ತದೆ. ಒಂದೊಂದನ್ನೂ ಬೇರೆಬೇರೆಯಾಗಿ ಇಳಿಸಿಕೊಂಡು ಓದುಗನೇ ಹೊಲಿದುಕೊಳ್ಳಬೇಕು. ಇದನ್ನೂ ಸಹಿಸಬಹುದು. ಸಹಿಸಲಾಗದ್ದು ಮುಂದಿದೆ. ಕನ್ನಡ ವಿಭಾಗಗಳಿಂದ ಬಂದ ಪ್ರಬಂಧಗಳಲ್ಲಿ ಬಹುಭಾಗ ಡಿ.ಟಿ.ಪಿ. ಅಂಗಡಿಗಳಲ್ಲಿ ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಮಾದರಿಗಳಲ್ಲಿ ಜೋಡಿಸಿದವು. ಆ ಮಾದರಿಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡದ ಆಕಾರವೇ ಹೊರತು ಯಂತ್ರ ಒಳಗೆ ನೆನಪಿಟ್ಟುಕೊಂಡಿರುವುದು ರೋಮನ್ ಅಕ್ಷರಗಳನ್ನು. ನುಡಿಯಲ್ಲಿ ಜೋಡಿಸಿದ ಪಿ.ಡಿ.ಎಫ್. ಪುಟದಿಂದ "ಕನ್ನಡ" ಎಂಬ ಮೂರಕ್ಷರದ ಪದವನ್ನು ನಕಲಿಸಿ ಇನ್ನೊಂದೆಡೆ ಅಂಟಿಸಿ ನೋಡಿ: ಮೊದಲು ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೀಟು ಹೊತ್ತ 'ಎ', ಆಮೇಲೆ ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೊಮ್ಮೆ ಅದೇ 'ಎ', ಜರ್ಮನರ ಸಕಾರವೊಂದು, ಚಿಕ್ಕ 'ಕ್ಯೂ', ಕೊನೆಗೆ ಮತ್ತೆ 'ಎ'. ಹಾಗಾಗಿ ಪ್ರಬಂಧದೊಳಗೆ "ಅಲ್ಲಮ" ಎಂದು ಹುಡುಕಿದವನಿಗೆ ಅಲ್ಲಮ ಸಿಗಲಾರ. ಅಲ್ಲಮನ ಹೆಸರು ಆ ಕಡತದಲ್ಲಿ ಯಂತ್ರದ ಪಾಲಿಗೆ ಎಲ್ಲಿಯೂ ಬರೆಯಲ್ಪಟ್ಟೇ ಇಲ್ಲ. ಹಳೆಯ ಬೆರಳಚ್ಚಿನ ಪ್ರಬಂಧಗಳದಂತೂ ಬರಿಯ ಛಾಯಾಚಿತ್ರ. ಅದರಲ್ಲಿ ಹುಡುಕುವ ಮಾತೇ ಇಲ್ಲ. ಕಣ್ಣು ಕಾಣದ ವಿದ್ಯಾರ್ಥಿಗಳು ಪುಟವನ್ನು ಓದಿಹೇಳುವ ಯಂತ್ರವನ್ನು ಆಶ್ರಯಿಸಿರುತ್ತಾರೆ. ಅವರ ಕಿವಿಗೆ ಈ ಕಡತಗಳಿಂದ ಬರುವುದು ಅರ್ಥವಿಲ್ಲದ ಸದ್ದು ಮಾತ್ರ.

ಇದಕ್ಕೆ ಕೇಂದ್ರದವರನ್ನು ದೂರುವುದು ಅನ್ಯಾಯ. ದೇಶದ ಎಷ್ಟೋ ಭಾಷೆಗಳಲ್ಲಿ ಬರುವ ಸಾವಿರಾರು ಪ್ರಬಂಧಗಳನ್ನು ಗಾಂಧಿನಗರದಲ್ಲಿ ಕುಳಿತವರು ತೆರೆದು ಅಕ್ಷರಮಾದರಿಯನ್ನು ಪರೀಕ್ಷಿಸುವುದು ಮನುಷ್ಯಸಾಧ್ಯವಲ್ಲ. ಅದನ್ನು ಮಾಡಬಲ್ಲವನು ಮೈಸೂರಿನಲ್ಲೋ ಹಂಪಿಯಲ್ಲೋ ಧಾರವಾಡದಲ್ಲೋ ಇರುವ, ಕನ್ನಡ ಬಲ್ಲ, ಪ್ರಬಂಧಕಾರನನ್ನೂ ಡಿ.ಟಿ.ಪಿ.ಯವನನ್ನೂ ಮುಖತಃ ಕಂಡು "ಇದನ್ನು ಯೂನಿಕೋಡಿಗೆ ತಿರುಗಿಸಿ ತನ್ನಿ" ಎಂದು ಹೇಳುವ ಅಧಿಕಾರವುಳ್ಳ ಗ್ರಂಥಪಾಲಕ. ಆದರೆ ಪ್ರಚಲಿತ ವ್ಯವಸ್ಥೆಯಲ್ಲಿ ಆತನ ಸ್ಥಾನವೇನು? ಅಭ್ಯರ್ಥಿ ತಂದ ಸಿ.ಡಿ.ಯನ್ನು ಪಡೆದು, ಕಡತಗಳಿಗೆ ಗೊತ್ತಾದ ಹೆಸರಿಟ್ಟು, ಮೇಲಕ್ಕೆ ಸಾಗಿಸಿ, ಒಪ್ಪಿಗೆಯ ಚೀಟಿಯನ್ನು ಪರೀಕ್ಷಾಂಗಕ್ಕೆ ಕಳುಹಿಸುವ ಅಂಚೆಪೆಟ್ಟಿಗೆಯಾಗಿ ವಿಶ್ವವಿದ್ಯಾಲಯದ ಗ್ರಂಥಾಲಯ ಇಳಿದಿದೆ. ಹೊಣೆಯನ್ನು ಕೇಂದ್ರಕ್ಕೆ ಸಲ್ಲಿಸಿದೆವೆಂದು ಇವರು, ಪ್ರತಿಯ ಗುಣ ಕಳುಹಿಸಿದವರಿಗೆ ಸೇರಿದ್ದೆಂದು ಅವರು; ನಡುವೆ ಓದುಗನಿಗೆ ಉತ್ತರ ಹೇಳುವವರಾರೂ ಇಲ್ಲ.

ಭಾಷೆಯ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲವೆಂದು ಹೇಳುವಂತಿಲ್ಲ. ಶೋಧಗಂಗಾ ಹುಟ್ಟುವುದಕ್ಕೆ ಸುಮಾರು ಒಂದು ದಶಕ ಮೊದಲು, 2000ದ ಹೊತ್ತಿಗೆ, ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಶಾಲಿನಿ ಅರಸ್ ಅವರ ನೇತೃತ್ವದಲ್ಲಿ 'ವಿದ್ಯಾನಿಧಿ' ಎಂಬ ಮಹಾಪ್ರಬಂಧಗಳ ಅಂಕೀಯ ಗ್ರಂಥಾಲಯವೊಂದು ಆರಂಭವಾಯಿತು. ಯೂನಿಕೋಡ್ ಇನ್ನೂ ನಮ್ಮ ಕಚೇರಿಗಳಿಗೆ ಅಪರಿಚಿತವಾಗಿದ್ದ ಆ ದಿನಗಳಲ್ಲೇ ಕನ್ನಡ, ಹಿಂದಿ ಪ್ರಬಂಧಗಳ ವಿವರಗಳನ್ನು ಆಯಾ ಲಿಪಿಯಲ್ಲೇ ದಾಖಲಿಸಿ ಆಯಾ ಲಿಪಿಯಲ್ಲೇ ಹುಡುಕುವ ಏರ್ಪಾಡನ್ನು ಅಲ್ಲಿಯವರು ಮಾಡಿ ತೋರಿಸಿದರು. ಆ ಪ್ರಯತ್ನಕ್ಕೆ ಯೋಜನೆಯ ಅನುದಾನವಿತ್ತೇ ಹೊರತು ಆಜ್ಞೆಯ ಬಲವಿರಲಿಲ್ಲ. ಅದರ ಕಥೆಯನ್ನು ಕೇಂದ್ರಪಕ್ಷದವರು ತಮ್ಮ ಸಾಕ್ಷಿಯಾಗಿ ಕರೆಯುತ್ತಾರೆ: ಸ್ವಯಂಪ್ರೇರಣೆಯಿಂದ ಏನೂ ಆಗದು, ಕಡ್ಡಾಯವೇ ಮದ್ದು ಎಂದು. ಕಡ್ಡಾಯ ಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕಡ್ಡಾಯ ಬೇಕೆಂಬುದರಿಂದ ಕೇಂದ್ರೀಕರಣ ಬೇಕೆಂಬುದು ಸಿದ್ಧಿಸುವುದಿಲ್ಲ. ಇವೆರಡನ್ನು ಒಂದೆಂದು ಭಾವಿಸಿದುದೇ ಈ ವಾದದ ಎರಡನೆಯ ದೋಷ.

ಇವೆರಡೂ ಬೇರೆಬೇರೆಯಾಗಿರಬಲ್ಲವು ಎಂಬುದನ್ನು ಅನ್ಯದೇಶಗಳ ಅನುಭವ ಸ್ಪಷ್ಟಪಡಿಸುತ್ತದೆ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ 1997ರಲ್ಲಿ ವಿದ್ಯುನ್ಮಾನ ಪ್ರಬಂಧವನ್ನು ಕಡ್ಡಾಯಮಾಡಿದಾಗ ಅದಕ್ಕೆ ರಾಷ್ಟ್ರಭಂಡಾರದ ಬೆಂಬಲವಿರಲಿಲ್ಲ. ತನ್ನ ವಿದ್ಯಾರ್ಥಿಗಳ ಕೃತಿಗಳನ್ನು ತಾನೇ ಇರಿಸಿಕೊಂಡು ತಾನೇ ಲೋಕಕ್ಕೆ ತೆರೆದಿಟ್ಟಿತು. ನಮ್ಮ ಸ್ಥಿತಿಗೆ ಇನ್ನೂ ಸಮೀಪವಾದದ್ದು ಬ್ರಜಿಲ್. ಬಡತನ, ವಿಸ್ತಾರ, ವಿಶ್ವವಿದ್ಯಾಲಯಗಳ ನಡುವಣ ತಾರತಮ್ಯ, ಇವೆಲ್ಲ ಅಲ್ಲಿಯೂ ಉಂಟು. ಆ ದೇಶದ ವಿಜ್ಞಾನಮಾಹಿತಿ ಸಂಸ್ಥೆಯಾದ ಇಬಿಕ್ಟ್ 2002ರಲ್ಲಿ ಪ್ರಬಂಧಗಳ ರಾಷ್ಟ್ರೀಯ ಅಂಕೀಯ ಗ್ರಂಥಾಲಯವನ್ನು ಸ್ಥಾಪಿಸಿದಾಗ, ಪ್ರಬಂಧಗಳನ್ನೆಲ್ಲ ತನ್ನಲ್ಲಿಗೆ ತರಿಸಿಕೊಳ್ಳುವ ಹಾದಿಯನ್ನು ಹಿಡಿಯಲಿಲ್ಲ. ಟೆಡೆ ಎಂಬ ತಂತ್ರಾಂಶವನ್ನು ತಾನೇ ಸಿದ್ಧಮಾಡಿ ವಿಶ್ವವಿದ್ಯಾಲಯಗಳಿಗೆ ಹಂಚಿ, ಪ್ರಬಂಧಗಳು ಆಯಾ ವಿಶ್ವವಿದ್ಯಾಲಯದಲ್ಲೇ ಇರುವಂತೆ ಮಾಡಿ, ಅವುಗಳ ವಿವರಗಳನ್ನಷ್ಟೇ ಕೊಯ್ದು ತಂದು ಒಂದು ಸೂಚಿಯಾಗಿ ಕಟ್ಟಿತು. ಅಲ್ಲಿಯ ಉನ್ನತಶಿಕ್ಷಣದ ಆಯೋಗವಾದ ಕಾಪೆಸ್ 2006ರಲ್ಲಿ ಕಡ್ಡಾಯವನ್ನು ಹೇರಿದುದೂ ಉಂಟು. ಆ ಕಡ್ಡಾಯದ ಸ್ವರೂಪವನ್ನು ಗಮನಿಸಬೇಕು: ಪ್ರತಿಯನ್ನು ಕೇಂದ್ರಕ್ಕೆ ಕಳುಹಿಸಿ ಎಂದಲ್ಲ, ನಿಮ್ಮ ಪ್ರಬಂಧಗಳನ್ನು ಸಾರ್ವಜನಿಕರಿಗೆ ಜಾಲದಲ್ಲಿ ನೀವೇ ತೆರೆದಿಡಿ ಎಂದು. ಆಜ್ಞೆ ಒಂದೇ ಬಗೆಯದು, ಅದು ಬೆರಳು ತೋರಿದ ದಿಕ್ಕು ಬೇರೆ; ಆ ದಿಕ್ಕು ವಿಶ್ವವಿದ್ಯಾಲಯದ ಗ್ರಂಥಾಲಯದ ಕಡೆಗೆ ಇದ್ದುದರಿಂದ ಗ್ರಂಥಾಲಯ ಬೆಳೆಯಲೇಬೇಕಾಯಿತು.

"ನಮ್ಮ ಸಣ್ಣ ವಿಶ್ವವಿದ್ಯಾಲಯಗಳಿಗೆ ಸರ್ವರ್ ಎಲ್ಲಿದೆ, ಅದನ್ನು ನೋಡಿಕೊಳ್ಳುವವರೆಲ್ಲಿದ್ದಾರೆ?" ಎಂಬ ಆಕ್ಷೇಪ ಇಲ್ಲಿ ಏಳುವುದು ಸಹಜ. ನಿನ್ನೆ ಮೊನ್ನೆ ಸ್ಥಾಪಿತವಾಗಿ, ಖಾಯಂ ಗ್ರಂಥಪಾಲಕನೇ ಇಲ್ಲದೆ ಪ್ರಭಾರಿಯ ಮೇಲೆ ನಡೆಯುತ್ತಿರುವ ವಿಶ್ವವಿದ್ಯಾಲಯಗಳು ನಮ್ಮ ರಾಜ್ಯದಲ್ಲಿಯೂ ಇವೆ. ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇದಕ್ಕೂ ಪರಿಹಾರವುಂಟು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಗ್ರಂಥಾಲಯ 2000ದಲ್ಲಿ ಆರಂಭಿಸಿದ 'ದೀವಾ' ವ್ಯವಸ್ಥೆಯನ್ನು ಹಲವಾರು ವಿಶ್ವವಿದ್ಯಾಲಯಗಳು ಕೂಡಿ ಬಳಸುತ್ತವೆ: ಯಂತ್ರವೊಂದು, ವೆಚ್ಚ ಹಂಚಿಕೆಯದು, ಒಂದೊಂದು ಪ್ರಬಂಧದ ಯಜಮಾನಿಕೆ ಮಾತ್ರ ಆಯಾ ಸಂಸ್ಥೆಯದು. ಆಸ್ಟ್ರೇಲಿಯದಲ್ಲಿ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮುಂದಾಳುತನದಲ್ಲಿ ಏಳು ವಿಶ್ವವಿದ್ಯಾಲಯಗಳು ತೊಂಬತ್ತರ ದಶಕದ ಕಡೆಯಲ್ಲಿ ತೊಡಗಿಸಿದ ಅಂಕೀಯ ಪ್ರಬಂಧಗಳ ಕಾರ್ಯಕ್ರಮವೂ ಇದೇ ತತ್ತ್ವವನ್ನು ಅನುಸರಿಸಿತು. ಪ್ರಬಂಧ ಮನೆಯಲ್ಲಿ, ಸೂಚಿ ನಡುವೆ. 2011ರಲ್ಲಿ ಆ ಕಾರ್ಯಕ್ರಮವನ್ನು ಮುಚ್ಚಿ ಸೂಚಿಯ ಕೆಲಸವನ್ನು ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್'ಗೆ ಒಪ್ಪಿಸಿದಾಗ ಒಂದು ಪ್ರಬಂಧವೂ ಮನೆ ಬಿಟ್ಟು ಅಲೆಯಬೇಕಾಗಲಿಲ್ಲ. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳು ಕೂಡಿ ಇಂಥದೊಂದನ್ನು ಸ್ಥಾಪಿಸಲು ಅಡ್ಡಿಯೇನಿದೆಯೆಂದು ನಾನು ಕೇಳುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಪ್ರಬಂಧಗಳಿಗೆ ತನ್ನದೇ ಆದ ಅಂಕೀಯ ಭಂಡಾರವನ್ನು ಇಟ್ಟುಕೊಂಡಿದೆ. ಶಕ್ತರಾದವರು ಒಂಟಿಯಾಗಿ ಮಾಡಿದುದನ್ನು ಅಶಕ್ತರು ಜೊತೆಗೂಡಿ ಮಾಡಬಹುದು. ಶೋಧಗಂಗಾ ನಡೆಯುವುದು ಡಿಸ್ಪೇಸ್ ಎಂಬ ತಂತ್ರಾಂಶದ ಮೇಲೆ. ಯಾರು ಬೇಕಾದರೂ ಬೆಲೆ ತೆರದೆ ಪಡೆಯಬಹುದಾದದ್ದು ಅದು.

ಮೂರನೆಯ ಭ್ರಮೆ ಸುರಕ್ಷಿತತೆಯನ್ನು ಕುರಿತದ್ದು. ಕೇಂದ್ರದಲ್ಲಿದ್ದರೆ ಕ್ಷೇಮ, ಹಳ್ಳಿಗಾಡಿನ ವಿಶ್ವವಿದ್ಯಾಲಯದಲ್ಲಿದ್ದರೆ ಅಪಾಯ ಎಂಬುದು ಕೇಳುವುದಕ್ಕೆ ಯುಕ್ತವಾಗಿ ತೋರುವ ಮಾತು. ಬ್ರಿಟನ್ನಿನಲ್ಲಿ ಏನಾಯಿತೆಂಬುದನ್ನು ಹೀಗೆನ್ನುವವರು ಅವಲೋಕಿಸಬೇಕು. ಹಿಂದೆ ಯಾರ್ಕ್‌ಷೈರಿನ ಬಾಸ್ಟನ್ ಸ್ಪಾ ಎಂಬ ಊರಿನಿಂದ ಮೈಕ್ರೋಫಿಲಂ ಮೂಲಕ ಪ್ರಬಂಧಗಳನ್ನು ಒದಗಿಸುತ್ತಿದ್ದ ಬ್ರಿಟಿಷ್ ಲೈಬ್ರರಿ, 2009ರಲ್ಲಿ 'ಈಥೋಸ್' ಎಂಬ ವಿದ್ಯುನ್ಮಾನ ಸೇವೆಯನ್ನು ತೆರೆಯಿತು. ಐದು ಲಕ್ಷಕ್ಕೂ ಮಿಕ್ಕ ಪ್ರಬಂಧಗಳ ದಾಖಲೆ ಅದರಲ್ಲಿತ್ತು. ಕಾಗದದಲ್ಲಿ ಮಾತ್ರ ಇದ್ದ ಪ್ರಬಂಧವನ್ನು ಓದುಗ ಕೇಳಿದಾಗ ಅಂಕೀಕರಿಸಿ ಒದಗಿಸುವ ಏರ್ಪಾಡೂ ಇತ್ತು. ಲೋಕದ ಗ್ರಂಥಪಾಲಕರು ಮಾದರಿಯೆಂದು ಕೊಂಡಾಡಿದ ಸೇವೆ ಅದು. 2023ರ ಅಕ್ಟೋಬರಿನಲ್ಲಿ ರಿಸಿಡಾ ಎಂಬ ದರೋಡೆಗಾರರ ಗುಂಪು ಆ ಮಹಾಗ್ರಂಥಾಲಯದ ಗಣಕವ್ಯವಸ್ಥೆಯೊಳಕ್ಕೆ ನುಗ್ಗಿ, ಸುಲಿಗೆಯ ಹಣವನ್ನು ಕೇಳಿ, ಅದು ದೊರೆಯದಾಗ ಕದ್ದ ಮಾಹಿತಿಯನ್ನು ಬಯಲಿಗೆಸೆಯಿತು. ಮುಖ್ಯ ಸೂಚಿ 2024ರ ಜನವರಿಯಲ್ಲಿ ಮರಳಿ ಬಂದರೂ, ವರ್ಷ ಕಳೆದ ಬಳಿಕವೂ ಈಥೋಸಿನ ಬಾಗಿಲು ತೆರೆಯಲಿಲ್ಲ. ಲಂಡನ್ ನಗರದ ನಡುವೆ, ಶತಮಾನಗಳ ಪ್ರತಿಷ್ಠೆಯೂ ಸರ್ಕಾರದ ಬೆಂಬಲವೂ ಉಳ್ಳ ಸಂಸ್ಥೆಯ ಗತಿ ಇದಾದರೆ, ಕೇಂದ್ರವೆಂಬ ಕಾರಣಮಾತ್ರದಿಂದ ಒಂದು ಭಂಡಾರವನ್ನು ಕ್ಷೇಮವೆನ್ನುವುದು ಹೇಗೆ?

ಆ ವಿಪತ್ತಿನಲ್ಲಿ ಬ್ರಿಟಿಷ್ ವಿದ್ವಾಂಸರನ್ನು ಅಷ್ಟಿಷ್ಟಾದರೂ ಕಾಪಾಡಿದುದು ಯಾವುದು? ಈಚಿನ ವರ್ಷಗಳ ಪ್ರಬಂಧಗಳ ಮೂಲಪ್ರತಿ ಆಯಾ ವಿಶ್ವವಿದ್ಯಾಲಯದ ಸ್ವಂತ ಭಂಡಾರದಲ್ಲಿತ್ತು. ಈಥೋಸ್ ಅವುಗಳಿಗೆ ದಾರಿ ತೋರುತ್ತಿತ್ತು. ದಾರಿಯ ಫಲಕ ಬಿದ್ದುಹೋದರೂ ಊರು ಉಳಿಯಿತು. ಆಕ್ಸ್‌ಫರ್ಡಿನ ಪ್ರಬಂಧ ಬೇಕಾದವನು ಆಕ್ಸ್‌ಫರ್ಡಿನ ಭಂಡಾರಕ್ಕೆ ನೇರವಾಗಿ ಹೋದ. ತೊಂದರೆಗೆ ಸಿಕ್ಕಿದವರು ಕೇಂದ್ರದಲ್ಲಷ್ಟೇ ಇದ್ದ ಅಂಕೀಯ ಪ್ರತಿಯನ್ನು ನಂಬಿದ್ದವರು. ನೆದರ್‌ಲೆಂಡ್ಸಿನ 'ನಾರ್ಸಿಸ್' ಎಂಬ ರಾಷ್ಟ್ರೀಯ ಸಂಶೋಧನದ್ವಾರವನ್ನು 2023ರಲ್ಲಿ ಅಲ್ಲಿಯವರು ತಾವಾಗಿಯೇ ಮುಚ್ಚಿದರು. ಅಲ್ಲಿಯೂ ಪ್ರಬಂಧಗಳು ವಿಶ್ವವಿದ್ಯಾಲಯಗಳಲ್ಲಿ ನೆಲೆಯಾಗಿದ್ದುದರಿಂದ ದ್ವಾರ ಮುಚ್ಚಿದುದು ಪ್ರಬಂಧದ ನಾಶವಾಗಿ ಪರಿಣಮಿಸಲಿಲ್ಲ. ಈಗ ನಮ್ಮನ್ನು ನೋಡಿಕೊಳ್ಳೋಣ. ಶೋಧಗಂಗಾ ಎಂದಾದರೂ ಒಂದು ತಿಂಗಳ ಕಾಲ ನಿಂತುಹೋದರೆ, ತಾನು ಪದವಿ ಕೊಟ್ಟ ಪ್ರಬಂಧವನ್ನು ತನ್ನದೇ ಭಂಡಾರದಿಂದ ತೆಗೆದು ತೋರಿಸಬಲ್ಲ ವಿಶ್ವವಿದ್ಯಾಲಯಗಳು ಕರ್ನಾಟಕದಲ್ಲಿ ಎಷ್ಟು ಉಳಿದಾವು? ಈ ಪ್ರಶ್ನೆಯನ್ನು ಪ್ರತಿಯೊಬ್ಬ ಕುಲಸಚಿವರೂ ತಮ್ಮ ಗ್ರಂಥಪಾಲಕರಿಗೆ ಕೇಳಿ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು.

ಇನ್ನು ನಾಲ್ಕನೆಯದು ಶುದ್ಧೀಕರಣದ ವಾದ. ತೆರೆದಿಟ್ಟ ಪ್ರಬಂಧದಲ್ಲಿ ಕಳ್ಳತನ ಅಡಗದು ಎನ್ನುತ್ತಾರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಕೃತಿಚೌರ್ಯದ ನಿಯಮಾವಳಿಯನ್ನು ಹೊರಡಿಸಿ, ಶೇಕಡ 10ರವರೆಗಿನ ಸಾದೃಶ್ಯವನ್ನು ಮನ್ನಿಸಿ, ಅದಕ್ಕೆ ಮೇಲ್ಪಟ್ಟದ್ದಕ್ಕೆ ಮೆಟ್ಟಿಲುಮೆಟ್ಟಿಲಾಗಿ ದಂಡನೆಯನ್ನು ಗೊತ್ತುಮಾಡಿದೆ. ಸಾದೃಶ್ಯವನ್ನು ಅಳೆಯುವುದು ಯಂತ್ರ. ಆ ಯಂತ್ರದ ಮುಂದೆ ಹಳೆಯ ಅಕ್ಷರಮಾದರಿಯ ಕನ್ನಡ ಪುಟವನ್ನು ಹಿಡಿದರೆ ಅದು ಕಾಣುವುದು ಮೇಲೆ ಹೇಳಿದ ಪೌಂಡಿನ ಚಿಹ್ನೆಗಳನ್ನು. ಯೂನಿಕೋಡಿನಲ್ಲಿರುವ ಮೂಲದಿಂದ ಪುಟಕ್ಕೆ ಪುಟ ಇಳಿಸಿಕೊಂಡಿದ್ದರೂ ಅವೆರಡೂ ಒಂದೆಂದು ಅದಕ್ಕೆ ತಿಳಿಯುವ ಬಗೆಯಿಲ್ಲ. ಇಂಗ್ಲಿಷಿನಲ್ಲಿ ಬರೆದವನು ಒಂದು ವಾಕ್ಯವನ್ನು ಎರವಲು ತಂದರೂ ಸಿಕ್ಕಿಬೀಳುತ್ತಾನೆ, ಕನ್ನಡದಲ್ಲಿ ಬರೆದವನು ಅಧ್ಯಾಯವನ್ನೇ ಹೊತ್ತು ತಂದರೂ ನಿಷ್ಕಳಂಕನೆಂಬ ಪ್ರಮಾಣಪತ್ರ ಪಡೆಯುತ್ತಾನೆ. ಪ್ರಾಮಾಣಿಕನಾದ ಕನ್ನಡ ಸಂಶೋಧಕನಿಗೆ ಇದಕ್ಕಿಂತ ಹೆಚ್ಚಿನ ಅವಮಾನ ಬೇರೊಂದಿಲ್ಲ. ಏಕೆಂದರೆ ಅವನ ಶ್ರಮಕ್ಕೂ ಕಳ್ಳನ ಜಾಣ್ಮೆಗೂ ದೊರೆಯುವ ಪತ್ರ ಒಂದೇ.

ತೆರೆದಿಡುವ ಕ್ರಮದಲ್ಲಿಯೂ ವಿವೇಚನೆ ಬೇಕು. ಒಪ್ಪಿಸುವುದು ಬೇರೆ, ಪ್ರಸಾರಮಾಡುವುದು ಬೇರೆ. ಫ್ರಾನ್ಸಿನವರು ಈ ಭೇದವನ್ನು ನಿಯಮದ ಮಾತಿನಲ್ಲೇ ಇಟ್ಟಿದ್ದಾರೆ. ಅಲ್ಲಿಯ 2016ರ ಆಜ್ಞೆಯಂತೆ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸುವುದು ಕಡ್ಡಾಯ. ರಹಸ್ಯವೆಂದು ಸಿದ್ಧಪಟ್ಟದ್ದನ್ನುಳಿದು ವಿಶ್ವವಿದ್ಯಾಲಯಗಳ ಸಮುದಾಯದೊಳಗೆ ಅದರ ಪ್ರಸಾರವೂ ನಿಶ್ಚಿತ. ಅದರಾಚೆಗೆ ಇಡೀ ಜಾಲಕ್ಕೆ ತೆರೆದಿಡಬೇಕಾದರೆ ಮಾತ್ರ ಲೇಖಕನ ಅನುಮತಿ ಬೇಕು. ದೀರ್ಘಕಾಲದ ರಕ್ಷಣೆಯನ್ನು ಮಾಂಪೆಲಿಯೆ ನಗರದ ಪ್ರತ್ಯೇಕ ಗಣಕಕೇಂದ್ರವೊಂದಕ್ಕೆ ವಹಿಸಿದ್ದಾರೆ, 'ತೇಸ್.ಎಫ್‌ಆರ್' ಎಂಬ ಸೂಚಿಯನ್ನು ನಡೆಸುವವರು ಬೇರೆ. ಸಂಗ್ರಹ, ಸೂಚಿ, ಪ್ರಸಾರ, ರಕ್ಷಣೆ ಎಂಬ ನಾಲ್ಕು ಕಾರ್ಯಗಳನ್ನು ಬಿಡಿಸಿ ನೋಡಿದ ದೃಷ್ಟಿ ಅದು. ನಮ್ಮ ನಿಯಮ ಹೇಳುವುದು ಪ್ರತಿಯನ್ನು ಕಳುಹಿಸಿ, ಎಲ್ಲ ಸಂಸ್ಥೆಗಳಿಗೂ ಅದು ದೊರೆಯಲಿ ಎಂಬಷ್ಟನ್ನೇ. ಬುಡಕಟ್ಟಿನವರ ಮನೆಯಂಗಳದಲ್ಲಿ ಕುಳಿತು ಸಂಗ್ರಹಿಸಿದ ಹೇಳಿಕೆಗಳನ್ನು ಹೆಸರು ಸಹಿತ ಅನುಬಂಧದಲ್ಲಿ ಕೊಟ್ಟಿರುವ ಜಾನಪದ ಪ್ರಬಂಧವೂ, ರಾಸಾಯನಿಕ ಕ್ರಿಯೆಯೊಂದರ ವೇಗವನ್ನು ಅಳೆದ ಪ್ರಬಂಧವೂ ಒಂದೇ ಬಗೆಯಲ್ಲಿ ಜಗತ್ತಿಗೆ ತೆರೆದುಕೊಳ್ಳಬಹುದೆ ಎಂಬುದನ್ನು ಯೋಚಿಸಬಲ್ಲವರು ಪ್ರಬಂಧವನ್ನು ಹತ್ತಿರದಿಂದ ಬಲ್ಲವರು. ಅಂಥವರಿರುವುದು ವಿಶ್ವವಿದ್ಯಾಲಯದಲ್ಲಿ.

ಕೇಂದ್ರ ಸರ್ಕಾರದ ಒಲವು ಯಾವ ಕಡೆಗೆ ಎಂಬುದಕ್ಕೆ ಈಚಿನ ನಿದರ್ಶನವೊಂದಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸಚಿವಸಂಪುಟ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಸಮ್ಮತಿಯಿತ್ತು, 30 ಪ್ರಕಾಶಕರ ಸುಮಾರು 13,000 ವಿದ್ಯುನ್ಮಾನ ನಿಯತಕಾಲಿಕಗಳನ್ನು ದೇಶದ ವಿದ್ಯಾಸಂಸ್ಥೆಗಳಿಗೆ ಒದಗಿಸಲು ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ಅದನ್ನು ನಿರ್ವಹಿಸುವ ಹೊಣೆಯೂ ಇನ್‌ಫ್ಲಿಬ್‌ನೆಟ್ಟಿನದೇ. ಪರದೇಶದ ಪ್ರಕಾಶಕರಿಂದ ಜ್ಞಾನವನ್ನು ಕೊಳ್ಳುವುದು ತಪ್ಪಲ್ಲ, ಕೊಳ್ಳಲೇಬೇಕು. ಆದರೆ ಮೂರು ವರ್ಷ ಮುಗಿದ ಮೇಲೆ ಚಂದಾ ನಿಂತರೆ ಕೊಂಡದ್ದರಲ್ಲಿ ನಮ್ಮದಾಗಿ ಉಳಿಯುವುದೆಷ್ಟೆಂಬ ಅನುಮಾನವಿರುವ ವಸ್ತುವಿಗೆ ಸಾವಿರಾರು ಕೋಟಿಯನ್ನು ಹೊಂದಿಸಬಲ್ಲ ರಾಷ್ಟ್ರಕ್ಕೆ, ಶಾಶ್ವತವಾಗಿ ನಮ್ಮದೇ ಆದ, ನಮ್ಮ ವಿದ್ಯಾರ್ಥಿಗಳು ಬರೆದ ಪ್ರಬಂಧಗಳಿಗಾಗಿ ವಿಶ್ವವಿದ್ಯಾಲಯಕ್ಕೊಬ್ಬ ಅರ್ಹ ಗ್ರಂಥಪಾಲಕನನ್ನೂ ಒಂದು ಯಂತ್ರವನ್ನೂ ಒದಗಿಸುವ ಶಕ್ತಿಯಿಲ್ಲವೆಂದರೆ ನಂಬುವುದು ಕಷ್ಟ.

ಪದವಿ ಕೊಟ್ಟವರೇ ಪ್ರಬಂಧವನ್ನು ಪೊರೆಯುವ ಸಂಪ್ರದಾಯ ನಮಗೆ ಹೊಸದಲ್ಲ. ಎಂ. ಚಿದಾನಂದಮೂರ್ತಿಯವರು ಪಿಎಚ್.ಡಿ.ಗಾಗಿ ಬರೆದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ವನ್ನು ಮೈಸೂರು ವಿಶ್ವವಿದ್ಯಾಲಯವೇ 1966ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿತು. ಅಕ್ಷರಜೋಡಣೆಯಿಂದ ಹಿಡಿದು ಪದಸೂಚಿಯವರೆಗೆ ವಿಶ್ವವಿದ್ಯಾಲಯದ ಹೆಸರು ಅದಕ್ಕೆ ಅಂಟಿಕೊಂಡಿತು; ಕರಡು ತಪ್ಪಿದ್ದರೆ ಅದು ವಿಶ್ವವಿದ್ಯಾಲಯದ ತಪ್ಪಾಗುತ್ತಿತ್ತು. ಅರ್ಧಶತಮಾನಕ್ಕೂ ಮಿಕ್ಕಿ ಶಾಸನಗಳ ವಿದ್ಯಾರ್ಥಿಗಳು ಅದನ್ನು ಮೇಜಿನ ಮೇಲಿಟ್ಟುಕೊಂಡು ಓದುತ್ತ ಬಂದಿರುವುದಕ್ಕೆ ಕೃತಿಯ ಯೋಗ್ಯತೆ ಮೊದಲ ಕಾರಣವೆಂಬುದು ನಿಜ. ಅದನ್ನು ಅಂಗೀಕರಿಸಿದವರು ಓದುಗರ ಕೈಗೆ ತಲಪಿಸುವವರೆಗೂ ಕೈಬಿಡಲಿಲ್ಲವೆಂಬುದೂ ಅಷ್ಟೇ ನಿಜ. ಪ್ರತಿಯೊಂದು ಪ್ರಬಂಧವನ್ನೂ ಅಚ್ಚುಮಾಡಿಸಲು ಇಂದು ಸಾಧ್ಯವಿಲ್ಲ, ಎಲ್ಲವೂ ಅದಕ್ಕೆ ಅರ್ಹವೂ ಅಲ್ಲ. ಆದರೆ ಅಚ್ಚಿನ ಕಾಲದಲ್ಲಿ ವಿಶ್ವವಿದ್ಯಾಲಯ ಹೊತ್ತ ಹೊಣೆಯನ್ನು, ಅಚ್ಚಿಗಿಂತ ಎಷ್ಟೋ ಪಾಲು ಅಗ್ಗವಾದ ವಿದ್ಯುನ್ಮಾನದ ಕಾಲದಲ್ಲಿ ಕೆಳಗಿಳಿಸಿ ಕೈತೊಳೆದುಕೊಂಡುದನ್ನು ಪ್ರಗತಿಯೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಹಾಗಾದರೆ ಶೋಧಗಂಗಾವನ್ನು ಮುಚ್ಚಬೇಕೆ? ಖಂಡಿತವಾಗಿ ಕೂಡದು. ಅದನ್ನು ರಾಷ್ಟ್ರದ ಸೂಚಿಯಾಗಿಯೂ ಎರಡನೆಯ ರಕ್ಷಾಪ್ರತಿಯ ಸ್ಥಾನವಾಗಿಯೂ ಉಳಿಸಿ ಬಲಪಡಿಸಬೇಕು. ಮೊದಲನೆಯ ಪ್ರತಿಯ ಸ್ಥಾನದಿಂದ ಇಳಿಸಬೇಕು. ಆಯೋಗದ ನಿಯಮದಲ್ಲಿ ಒಂದು ಮಾತನ್ನು ಬದಲಿಸಿದರೆ ಸಾಕು: ಪದವಿ ಪ್ರದಾನಕ್ಕೆ ಮೊದಲು ಪ್ರಬಂಧವು ವಿಶ್ವವಿದ್ಯಾಲಯದ ಸ್ವಂತ ಅಥವಾ ಸಹಕಾರಿ ಭಂಡಾರದಲ್ಲಿ ಪ್ರತಿಷ್ಠಿತವಾಗಿರಬೇಕೆಂದೂ, ಅದರ ವಿವರವೂ ನಕಲೂ ಕೇಂದ್ರಕ್ಕೆ ತಾನಾಗಿ ಸೇರಬೇಕೆಂದೂ. ಅದರ ಜೊತೆಗೆ ಗ್ರಂಥಪಾಲಕನ ಸಹಿಯುಳ್ಳ ಒಂದು ಪ್ರಮಾಣಪತ್ರ ಕಡ್ಡಾಯವಾಗಲಿ. ಶೀರ್ಷಿಕೆ ಪ್ರಬಂಧದ ಭಾಷೆಯ ಲಿಪಿಯಲ್ಲಿ ದಾಖಲಾಗಿದೆ, ಪಠ್ಯ ಯೂನಿಕೋಡಿನಲ್ಲಿದೆ, ಇಡೀ ಪ್ರಬಂಧ ಒಂದೇ ಕಡತವಾಗಿ ತೆರೆಯುತ್ತದೆ, ಯಾರಿಗೆ ಎಷ್ಟು ಕಾಲ ತೆರೆದಿರಬೇಕೆಂಬುದನ್ನು ಲೇಖಕನೊಡನೆ ಸಮಾಲೋಚಿಸಿ ನಿರ್ಧರಿಸಿದೆ: ಇಷ್ಟನ್ನು ಆತ ಪರೀಕ್ಷಿಸಿ ಬರೆದುಕೊಡಲಿ. ಮಾರ್ಗದರ್ಶಕರ ಪ್ರಮಾಣಪತ್ರವಿಲ್ಲದೆ ಪ್ರಬಂಧವನ್ನು ಹೇಗೆ ಸ್ವೀಕರಿಸುವುದಿಲ್ಲವೋ ಹಾಗೆಯೇ ಈ ಪತ್ರವಿಲ್ಲದೆ ಘಟಿಕೋತ್ಸವದ ಪಟ್ಟಿಯಲ್ಲಿ ಅಭ್ಯರ್ಥಿಯ ಹೆಸರು ಸೇರದಿರಲಿ. ಇದಕ್ಕೆ ಹೊಸ ಆಯೋಗ ಬೇಡ, ಹೊಸ ಕಟ್ಟಡ ಬೇಡ. ಗ್ರಂಥಪಾಲಕನ ಹುದ್ದೆಯನ್ನು ತುಂಬಿ, ಆತನಿಗೆ ಇಲ್ಲವೆನ್ನುವ ಅಧಿಕಾರವನ್ನು ಕೊಟ್ಟರೆ ಸಾಕು. ಕೇಂದ್ರದ ಸಂಖ್ಯೆ ಐದು ಲಕ್ಷದಿಂದ ಹತ್ತು ಲಕ್ಷಕ್ಕೆ ಏರುವುದನ್ನು ಕಾಯುತ್ತ ಕುಳಿತಿರುವ ನಮ್ಮ ವಿಶ್ವವಿದ್ಯಾಲಯಗಳು, ಅದಕ್ಕೆ ಮುಂಚೆ ತಾವು ಕಳೆದ ಘಟಿಕೋತ್ಸವದಲ್ಲಿ ಪದವಿಯಿತ್ತ ಕನ್ನಡ ಪ್ರಬಂಧಗಳಲ್ಲಿ ಒಂದನ್ನು ತೆರೆದು, ಅದರೊಳಗೆ ಒಂದು ಕನ್ನಡ ಪದವನ್ನು ಹುಡುಕಿ ನೋಡಲಿ. ಅದು ಸಿಗದಿದ್ದರೆ, ಆ ಪ್ರಬಂಧವನ್ನು ಲೋಕಕ್ಕೆ ಒದಗಿಸಿದ್ದೇವೆಂದು ವಾರ್ಷಿಕ ವರದಿಯಲ್ಲಿ ಬರೆಯುವ ಹಕ್ಕು ಅವಕ್ಕಿಲ್ಲ.